ಮಳೆ ಎಷ್ಟು ಇಂಚು?

ರೋಗಿಯ ನಾಡಿ ಹಿಡಿಯುವ ಮೊದಲು ನಾನು ಮಳೆಯ ಲೆಕ್ಕ ಕೇಳುತ್ತೇನೆ. ನಮ್ಮ ಕಾಫಿ ಸೀಮೆಯ ಮೂರ್ನಾಡಿನಲ್ಲಿ ಇದೇನೂ ವಿಚಿತ್ರವಲ್ಲ. ತೋಟವಿದ್ದವರ ಮನೆಗಳಲ್ಲಿ ಒಂದು ಮಳೆಮಾಪಕ ಇದ್ದೇ ಇರುತ್ತದೆ. ಬೆಳಿಗ್ಗೆ ಅದರ ನೀರು ಅಳೆಯದೆ ಯಜಮಾನರಿಗೆ ಕಾಫಿ ರುಚಿಸುವುದಿಲ್ಲ. ಪಕ್ಕದ ತೋಟಕ್ಕಿಂತ ಅರ್ಧ ಇಂಚು ಹೆಚ್ಚು ಬಿದ್ದರೆ, ತಾವೇ ಸುರಿಸಿದಂತೆ ಬೀಗುವವರೂ ಇದ್ದಾರೆ.

ಈ ಪ್ರಶ್ನೆಯನ್ನು ನನಗೆ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ. ಕಲಿಸಿದ್ದು, ಓದು ಮುಗಿಸಿ ಬಂದವನನ್ನು ಇದೇ ಕ್ಲಿನಿಕ್ಕಿನಲ್ಲಿ ಸ್ಟೂಲು ಹಾಕಿ ಕೂರಿಸಿಕೊಂಡ ಹಿರಿಯ ಡಾಕ್ಟರು. ಹೊರಗೆ ಸಾಲುಗಟ್ಟಿದ ಒದ್ದೆ ಕೊಡೆಗಳು, ಒಳಗೆ ಸ್ಪಿರಿಟ್ಟಿನ ವಾಸನೆ. ಅವರು ಮಳೆ, ಮೆಣಸು, ಕಾಫಿ ಹೂವು ಎಂದು ಹರಟುತ್ತಲೇ ರೋಗಿಯ ಕಣ್ಣು, ಉಗುರು, ಉಸಿರು ಎಲ್ಲವನ್ನೂ ನೋಡಿ ಮುಗಿಸಿರುತ್ತಿದ್ದರು. ಅವರಿಲ್ಲದ ಆ ಕುರ್ಚಿಯಲ್ಲಿ ಕೂರುವಾಗ ನನಗೆ ಈಗಲೂ ಬೇಸರವಾಗುತ್ತದೆ.

ನನ್ನ ಸ್ಟೂಲಿನ ಮೇಲೆ ಈಗ ತಮ್ಮನ ಮಗಳು ರಶ್ಮಿ. ಹೊಸ ಡಾಕ್ಟರು. ಅವಳ ಜೊತೆ ಒಂದು ಟ್ಯಾಬ್ಲೆಟ್ಟೂ ಬಂದಿದೆ. ಅದರೊಳಗಿನ ಕೃತಕ ಬುದ್ಧಿಮತ್ತೆ ನಮ್ಮ ಮಾತು ಕೇಳಿಸಿಕೊಂಡು ಕೇಸ್‌ಶೀಟನ್ನು ತಾನೇ ಬರೆಯುತ್ತದೆ. ಅವಳು ಕಾಲೇಜಿನಲ್ಲಿ ಕಲಿತದ್ದೂ ಇಂಥದ್ದರ ಜೊತೆಗೇ. ನನ್ನ ಅಕ್ಷರ ಬಿಡಿಸಲು ಒದ್ದಾಡುತ್ತಿದ್ದ ಔಷಧಿ ಅಂಗಡಿಯವರು ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿದಿರಬೇಕು.

ಕಳೆದ ಮಳೆಗಾಲದಲ್ಲಿ ಹಳೆಯ ಪರಿಚಯದ ಪೊನ್ನಪ್ಪ ಬಂದರು. "ಗ್ಯಾಸ್ಟ್ರಿಕ್ ಡಾಕ್ಟ್ರೇ, ಒಂದು ಮಾತ್ರೆ ಕೊಡಿ ಸಾಕು."

"ನಿಮ್ಮಲ್ಲಿ ಎಷ್ಟು ಇಂಚು?"

"ಅಳೀಲಿಲ್ಲ. ನಾಲ್ಕು ದಿವಸ ಆಯ್ತು."

ಟ್ಯಾಬ್ಲೆಟ್ಟು ಗ್ಯಾಸ್ಟ್ರಿಕ್ ಎಂದು ಬರೆದುಕೊಂಡು ಮಳೆಯ ಮಾತನ್ನು ಬಿಟ್ಟಿತು. ನನಗೆ ಮಾತ್ರ ಭಯವಾಯಿತು. ಮಗಳ ಮದುವೆಯ ದಿನವೂ ಮಳೆ ಅಳೆದೇ ಮಂಟಪಕ್ಕೆ ಹೊರಟ ಮನುಷ್ಯ ಅವರು. ಯಾಕೆ ಅಳೆಯಲಿಲ್ಲ ಎಂದೆ.

"ಮಾಪಕ ಆ ಕಡೆ ದಿಣ್ಣೆ ಮೇಲಲ್ವಾ. ಹತ್ತುವಾಗ ಎದೆ ಹಿಡಿದ ಹಾಗೆ ಆಗ್ತದೆ. ವಯಸ್ಸಾಯ್ತು, ಬಿಡಿ."

ರಶ್ಮಿ ಕೂಡಲೇ ಇಸಿಜಿ ತೆಗೆದಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅದೇ ಟ್ಯಾಬ್ಲೆಟ್ಟು ಹೃದಯದ ತೊಂದರೆಯನ್ನು ಕೆಂಪಕ್ಷರದಲ್ಲಿ ತೋರಿಸಿತು. ಮಳೆಯನ್ನು ಬಿಟ್ಟದ್ದಕ್ಕೆ ಅದರ ಮೇಲಿದ್ದ ಸಿಟ್ಟನ್ನೆಲ್ಲ ಮಡಚಿಟ್ಟುಕೊಂಡು, ಆಗಲೇ ಪೊನ್ನಪ್ಪನವರನ್ನು ಮೈಸೂರಿಗೆ ಕಳಿಸಿದೆ. ಅಲ್ಲಿಂದ ಫೋನು ಬರುವವರೆಗೆ ನನಗೆ ಕೂರಲಾಗಲಿಲ್ಲ.

ತಿಂಗಳು ಕಳೆದು ಅವರೇ ಬಂದರು. ಕೂರುವ ಮೊದಲೇ, "ನಿನ್ನೆ ಒಂದೂಕಾಲು ಇಂಚು, ಡಾಕ್ಟ್ರೇ" ಎಂದರು. ಟ್ಯಾಬ್ಲೆಟ್ಟು ಎಂದಿನಂತೆ ಅದನ್ನು ಬಿಟ್ಟಿತು. ರಶ್ಮಿ ತಾನೇ ಟೈಪು ಮಾಡಿ ಸೇರಿಸಿದಳು. ಹಿರಿಯ ಡಾಕ್ಟರು ಇದನ್ನು ನೋಡಬೇಕಿತ್ತು ಅನ್ನಿಸಿತು.

ಈಗ ಅವಳು ದಿನಾ ಬೆಳಿಗ್ಗೆ ನನ್ನನ್ನೂ ಕೇಳುತ್ತಾಳೆ: "ದೊಡ್ಡಪ್ಪ, ನಮ್ಮಲ್ಲಿ ಎಷ್ಟು?" ಹುಡುಗಿಗೆ ಕೊನೆಗೂ ಮಳೆಯ ಹುಚ್ಚು ಹಿಡಿಯಿತೆಂದು ಹಿಗ್ಗಿದ್ದೆ. ಮೊನ್ನೆ ಉತ್ತರ ಹೇಳುತ್ತಾ ಗಮನಿಸಿದೆ, ಅವಳ ಕಣ್ಣು ನನ್ನ ಉಗುರುಗಳ ಮೇಲಿತ್ತು.