ಎದುರು ಮಿಲ್ಲು

ಮೊನ್ನೆ ಕೋಲಾರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಂದು ಕೂತ ಹೆಂಗಸಿನ ಚೀಲದಿಂದ ಆಗತಾನೇ ಬೀಸಿದ ರಾಗಿಹಿಟ್ಟಿನ ವಾಸನೆ ಬಂತು. ನಿಮಗೂ ಗೊತ್ತಿರಬೇಕು, ಮಣ್ಣೂ ಹುರಿದ ಕಾಳೂ ಸೇರಿದಂಥ ಬಿಸಿ ವಾಸನೆ. ಮನೆಗೆ ಹೋಗಬೇಕಿದ್ದವನು ಹೋಳೂರಿನ ಬಸ್ಸು ಹತ್ತಿಬಿಟ್ಟೆ. ಐವತ್ತು ದಾಟಿದವನು ಹೀಗೆ ವಾಸನೆಯ ಹಿಂದೆ ಹೋಗಬಾರದು ಅನ್ನುತ್ತಾಳೆ ನನ್ನ ಹೆಂಡತಿ. ದೇವರು ಮೂಗನ್ನು ಮುಂದೆ ಇಟ್ಟಿರುವಾಗ ಅದು ಹೋದಲ್ಲಿಗೆ ನಾವೂ ಹೋಗಬೇಕಲ್ಲವೇ ಅನ್ನುವುದು ನನ್ನ ವಾದ.

ಹೋಳೂರಿನಲ್ಲಿ ನನ್ನ ದೊಡ್ಡಪ್ಪನದು ಹಿಟ್ಟಿನ ಮಿಲ್ಲಿತ್ತು. ಆಗ ಊರಿಗೆ ಅದೊಂದೇ. ದೊಡ್ಡಪ್ಪನಿಗೆ ಪೇಪರು ಓದುವ ಚಟ, ಓದಿದ್ದನ್ನು ಇನ್ನೊಬ್ಬರಿಗೆ ಹೇಳುವ ಚಟ ಅದಕ್ಕಿಂತ ದೊಡ್ಡದು. ಸರ್ಕಾರ ಬೆಲೆ ಕಟ್ಟಬಾರದು, ದುಡಿಯುವವನಿಗೆ ಅಡ್ಡ ನಿಲ್ಲಬಾರದು, ಯಾರು ಯಾವ ವ್ಯಾಪಾರ ಬೇಕಾದರೂ ಮಾಡಲಿ, ಗಿರಾಕಿ ತನಗೆ ಇಷ್ಟ ಬಂದಲ್ಲಿಗೆ ಹೋಗಲಿ. ಇದನ್ನೆಲ್ಲ ಅವರು ಮಿಲ್ಲಿನ ಸದ್ದನ್ನೂ ಮೀರಿಸಿ ಹೇಳುತ್ತಿದ್ದರು. "ಟೊಮೊಟೊ ಬೆಳೆದೋನು ಎಲ್ಲಿ ಬೇಕಾದ್ರೂ ಮಾರ್ಕೊಳ್ಲಿ ಕಣೋ! ಇಲ್ಲೇ ಮಾರು ಅನ್ನೋಕೆ ಇವರ್ಯಾರು?" ಡಬ್ಬ ಹಿಡಿದು ಕೂತ ಜನ ತಲೆಯಾಡಿಸುತ್ತಿದ್ದರು. ಎದ್ದುಹೋಗೋಣ ಅಂದರೆ ಊರಲ್ಲಿ ಇನ್ನೊಂದು ಮಿಲ್ಲು ಇರಲಿಲ್ಲವಲ್ಲ!

ನಾನಾಗ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ, ಅಂದರೆ ಪ್ರಪಂಚವನ್ನೆಲ್ಲ ಸರಿಮಾಡುವ ವಯಸ್ಸು. "ಬಡವರನ್ನ ಕಾಯೋರು ಯಾರು ದೊಡ್ಡಪ್ಪ?" ಎಂದು ಕೆಣಕುತ್ತಿದ್ದೆ.

"ದಾರಿ ಬಿಟ್ರೆ ಸಾಕು. ನಡೆಯೋಕೆ ಅವರಿಗೇ ಕಾಲಿದೆ."

"ಕಾಲಿಲ್ದೋರಿಗೆ?"

ಆ ಪ್ರಶ್ನೆ ಬಂದಾಗೆಲ್ಲ ದೊಡ್ಡಪ್ಪ ಎದ್ದು ಹೋಗಿ ಮಿಷನ್ನಿನ ಬೆಲ್ಟು ನೋಡುತ್ತಿದ್ದರು.

ಹೀಗಿರುವಾಗ ಮುಮ್ತಾಜ್ ಬಂದಳು. ನಮ್ಮ ಮಿಲ್ಲು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕನ ಹೆಂಡತಿ. ಗಂಡ ತೀರಿಕೊಂಡಿದ್ದ, ಮಕ್ಕಳು ಸಣ್ಣವು. ತವರಿನವರ ಸಹಾಯದಿಂದ ದೊಡ್ಡಪ್ಪನ ಮಿಲ್ಲಿನ ಎದುರಿಗಿದ್ದ ಖಾಲಿ ಮಳಿಗೆಯಲ್ಲೇ ಇನ್ನೊಂದು ಮಿಲ್ಲು ಹಾಕಲು ಪಂಚಾಯಿತಿಯ ಒಪ್ಪಿಗೆ ಕೇಳಿದಳು. ಅವತ್ತೇ ಸಾಯಂಕಾಲ ಪಂಚಾಯಿತಿ ಮೆಂಬರೊಬ್ಬರು ದೊಡ್ಡಪ್ಪನ ಹತ್ತಿರ ಬಂದರು.

"ಯಜಮಾನ್ರೇ, ಸದ್ದು ಜಾಸ್ತಿಯಾಗುತ್ತೆ ಅಂತ ಸಭೇಲಿ ಒಂದ್ ಮಾತು ಹೇಳ್ಬಿಡಿ. ಮಿಕ್ಕಿದ್ದು ನಾವು ನೋಡ್ಕೋತೀವಿ."

ದೊಡ್ಡಪ್ಪ ಮೆಂಬರಿಗೆ ಕಾಫಿ ಕೊಟ್ಟು ಕಳಿಸಿದರು. ಊಟಕ್ಕೆ ಕೂತಾಗ ಮುದ್ದೆ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು. ನನಗೆ ಕನಿಕರವಾಯಿತು. "ನಿಮ್ಮಂಥ ಸಣ್ಣ ಮಿಲ್ಲಿನೋರ್ಗೂ ರಕ್ಷಣೆ ಬೇಕಲ್ವಾ ದೊಡ್ಡಪ್ಪ" ಎಂದೆ.

"ಸಣ್ಣೋರು ಯಾರು ಅಂತ ನೋಡ್ಕೊಂಡ್ ಮಾತಾಡೋ. ನಾನಾ, ಅವಳಾ?" ಎಂದರು.

ಸಭೆಯಲ್ಲಿ ಎದ್ದು ನಿಂತು ಅವರು ಹೇಳಿದ್ದು ಇಷ್ಟೇ: "ನನ್ ಮಿಲ್ಲೂ ಸದ್ದು ಮಾಡುತ್ತೆ. ಸದ್ದೇ ತೊಂದ್ರೆ ಅನ್ನೋದಾದ್ರೆ ಮೊದ್ಲು ನಂದು ಮುಚ್ಸಿ." ಅಲ್ಲಿಗೆ ಮಾತು ಮುಗಿಯಿತು, ಮುಮ್ತಾಜಳ ಮಿಲ್ಲು ಶುರುವಾಯಿತು.

ಅವಳು ಮೆಣಸಿನಕಾಯಿಗೆ ಬೇರೆ ಮಿಷನ್ನೇ ಇಟ್ಟಳು. ನಮ್ಮಲ್ಲಿ ಒಬ್ಬರು ಖಾರದಪುಡಿ ಮಾಡಿಸಿದರೆ ಅವರ ಹಿಂದೆ ಬಂದವರ ಮನೆಯ ಮುದ್ದೆಯೂ ಖಾರ. ಅದು ಹೋಳೂರಿನ ರಾಗಿಯ ಗುಣ ಎಂದೇ ನಾನು ತಿಳಿದಿದ್ದೆ! ಹೆಂಗಸರು ನಿಧಾನವಾಗಿ ರಸ್ತೆ ದಾಟಿದರು. ದೊಡ್ಡಪ್ಪ ಸುಣ್ಣ ಹೊಡೆಸಿದರು, ಬೆಂಚು ಹಾಕಿಸಿದರು, ಬೀಸುವ ದರ ಇಳಿಸಿದರು. ಮುಮ್ತಾಜಳೂ ಇಳಿಸಿದಳು. ಗಿರಾಕಿ ಹೋಗಿದ್ದಕ್ಕಿಂತ ಕೇಳುವವರು ಹೋಗಿದ್ದೇ ದೊಡ್ಡಪ್ಪನಿಗೆ ಹೆಚ್ಚು ನೋವಾಗಿತ್ತೇನೋ. ಖಾಲಿ ಬೆಂಚಿನ ಮುಂದೆ ಪೇಪರು ಹಿಡಿದು ಸುಮ್ಮನೆ ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಮುಮ್ತಾಜಳೇ ರಸ್ತೆ ದಾಟಿ ಬಂದಳು. "ಅಣ್ಣಾ, ಹಿಂಗೇ ಇಳಿಸ್ತಾ ಹೋದ್ರೆ ಇಬ್ರೂ ಮುಳುಗ್ತೀವಿ. ಇಬ್ರೂ ಸೇರಿ ಒಂದೇ ರೇಟು ಮಾಡ್ಕೊಳ್ಳೋಣ."

"ಸರೇ ಅನಂಡಿ" ಎಂದು ದೊಡ್ಡಮ್ಮ ಮಿಲ್ಲಿನ ಹಿಂದಿದ್ದ ಮನೆಯೊಳಗಿನಿಂದ ತೆಲುಗಿನಲ್ಲಿ ಕೂಗಿದಳು. ಒಪ್ಪಿಕೊಳ್ಳಿ ಎಂದು.

"ಆಗಲ್ಲಮ್ಮ" ಎಂದರು ದೊಡ್ಡಪ್ಪ. "ಇಬ್ರೂ ಸೇರ್ಕೊಂಡ್ರೆ ಊರೋರು ಎಲ್ಲಿಗೆ ಹೋಗ್ಬೇಕು? ನಿಂಗೆ ಎಷ್ಟು ಗಿಟ್ಟುತ್ತೋ ಅಷ್ಟು ತಗೋ. ನಂಗೆ ಗಿಟ್ದೇ ಇದ್ರೆ ಮುಚ್ತೀನಿ."

"ನಿಮ್ ಮಾತು ಚೆನ್ನಾಗೈತೆ ಅಣ್ಣಾ. ನಂಗೆ ಮಕ್ಕಳವ್ರೆ" ಎಂದು ಅವಳು ಮುಖ ತಿರುಗಿಸಿಕೊಂಡು ಹೋದಳು.

ಕೊನೆಗೆ ಮುಚ್ಚಿದ್ದು ದೊಡ್ಡಪ್ಪನೇ. ಮಿಷನ್ನು ಮಾಲೂರಿನ ಕಡೆಯವರ ಪಾಲಾಯಿತು. ಆಮೇಲೆ ಅವರೇ ರಾಗಿ ಡಬ್ಬ ಹೊತ್ತುಕೊಂಡು ಎದುರು ಮಿಲ್ಲಿಗೆ ಹೋಗತೊಡಗಿದರು. "ನೀವು ಮುಂದೆ ಬನ್ನಿ ಅಣ್ಣಾ" ಎಂದು ಮುಮ್ತಾಜ್ ಕರೆದರೆ, "ಸರದಿ ಅಂದ್ರೆ ಸರದಿ" ಎಂದು ಹಿಂದೆಯೇ ಕೂರುತ್ತಿದ್ದರು. ಕೂತವರು ಸುಮ್ಮನಿರುತ್ತಾರೆಯೇ? ಟೊಮೊಟೊ ಮತ್ತೆ ಶುರುವಾಯಿತು.

ಮುಂದೆ ನಾನು ಮೇಷ್ಟ್ರಾದೆ. ಪೈಪೋಟಿಯ ಪಾಠ ಬಂದಾಗೆಲ್ಲ ಹುಡುಗರಿಗೆ ದೊಡ್ಡಪ್ಪನ ಕಥೆ ಹೇಳುತ್ತಾ ಬಂದಿದ್ದೇನೆ. ನಂಬಿದ್ದನ್ನು ತನಗೆ ನಷ್ಟವಾದರೂ ಬಿಡದ ಮನುಷ್ಯ ಎಂದಾಗ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ಒಳ್ಳೆಯ ಕಥೆ, ಚೆನ್ನಾಗಿ ಹೇಳುತ್ತೇನೆ ಎಂಬ ಜಂಬವೂ ನನಗಿತ್ತು.

ದೊಡ್ಡಪ್ಪ ಈಗಿಲ್ಲ. ಮೊನ್ನೆ ನಾನು ಹೋದಾಗ ದೊಡ್ಡಮ್ಮ ಜಗಲಿಯ ಮೇಲೆ ಸೊಸೆಯ ಜೊತೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಆ ಮಾತು ಈ ಮಾತು ಆದಮೇಲೆ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ. "ಅವತ್ತು ದೊಡ್ಡಪ್ಪ ಮಾಡಿದ್ದು ಸರಿನಾ ದೊಡ್ಡಮ್ಮ?"

"ಸರಿನೇ ಕಣಪ್ಪ. ಆ ಹುಡುಗಿ ಬದುಕ್ಕೊಂಡ್ಲು. ತಪ್ಪು ಅಂತ ನಾನ್ಯಾವತ್ತೂ ಅಂದಿಲ್ಲ."

ಇನ್ನೊಂದು ಹಣ್ಣು ಬಿಡಿಸುತ್ತಾ ಮತ್ತೆ ಹೇಳಿದಳು. "ಆ ಮಿಲ್ಲು ಹಾಕಿದ್ದು ಶ್ರೀನಿವಾಸಪುರದ ಹತ್ರ ನಮ್ಮಪ್ಪ ನಂಗೆ ಕೊಟ್ಟ ಮಾವಿನ ತೋಪು ಮಾರಿ. ಎಲ್ರಿಗೂ ಅವರವರ ಇಷ್ಟ ಅಂತಿದ್ರಲ್ಲ ನಿಮ್ ದೊಡ್ಡಪ್ಪ, ಮುಚ್ಚೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬೋದಿತ್ತು. ಕೇಳಿದ್ರೆ ನಾನೂ ಹೂಂ ಅಂತಿದ್ನೇನೋ."

ಸಿಟ್ಟಿನಿಂದ ಹೇಳಲಿಲ್ಲ. ಹಗುರವಾಗಿ, ಬೇರೆ ಯಾರದೋ ವಿಷಯದಂತೆ ಹೇಳಿದಳು. ನನ್ನ ಕಥೆಯಲ್ಲಿ ಇಷ್ಟು ವರ್ಷ ಇದ್ದದ್ದು ಇಬ್ಬರೇ, ರಸ್ತೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಮುಂದಿನ ಸಲ ಅದನ್ನು ತರಗತಿಯಲ್ಲಿ ಹೇಗೆ ಹೇಳುವುದೋ ನನಗೆ ತಿಳಿಯದು.

"ತೋಪು ಹೆಂಗಿತ್ತು ದೊಡ್ಡಮ್ಮ?" ಎಂದೆ.

ಅವಳ ಕೈ ನಿಂತಿತು. ತಮಾಷೆಗೆ ಕೇಳುತ್ತಿದ್ದೇನೆಯೋ ಏನೋ ಎಂದು ನನ್ನ ಮುಖ ನೋಡಿದಳು. ಆಮೇಲೆ, "ಬಾವಿ ಪಕ್ಕ ರಸಪುರಿ, ಅದರಾಚೆ ಬಾದಾಮಿ" ಎಂದು ಶುರುಮಾಡಿದಳು. ಕೋಲಾರದ ಕೊನೆಯ ಬಸ್ಸು ಹಾರನ್ ಹೊಡೆದು ಹೋಯಿತು. ಅವಳಿನ್ನೂ ತೋಪಿನ ಅರ್ಧಕ್ಕೂ ಬಂದಿರಲಿಲ್ಲ. ನಾನು ಏಳಲಿಲ್ಲ.