ನಾಂಗೆಯ ಗೋರಿಯ ಬಾಳೆಗೊನೆ

ತಾನು ಸತ್ತಿರುವ ಸುದ್ದಿ ನಾಂಗೆಗೆ ತಿಳಿದದ್ದು ಪಂಚಾಯ್ತಿ ಹಜಾರದಲ್ಲಿ, ಊರಿನವರೆಲ್ಲರ ಎದುರಿಗೆ. ಅದೂ ಎರಡನೆಯ ಸಲ.

"ಹೆಸರಿನ ಮುಂದೆ ಮೃತ ಅಂತಿದೆಯಮ್ಮಾ," ಎಂದ ಪಿಂಚಣಿ ಪಟ್ಟಿ ಮಾಡಲು ಬಂದಿದ್ದ ಅಧಿಕಾರಿ ಲ್ಯೋಂಗಾ. ಕರಾವಳಿಯ ಹುಡುಗ. ಕ್ಯಾಮರೂನಿನ ನಮ್ಮ ಕೋಮ್ ಗುಡ್ಡಗಳ ಚಳಿಗೆ ಅವನ ಮೂಗು ಸೋರುತ್ತಿತ್ತು. ಟೈ ಕಟ್ಟಿಕೊಂಡಿದ್ದ, ಅದರ ಮೇಲೆ ಎರಡು ಸ್ವೆಟರ್ ಹಾಕಿಕೊಂಡಿದ್ದ.

"ಮೃತ ಅಂದ್ರೆ?"

"ತೀರ್ಕೊಂಡಿದೀರಿ ಅಂತ."

"ನಿನ್ ಬಾಯಿಗೆ ಮಣ್ಣು ಹಾಕ! ತೀರ್ಕೊಂಡೋಳು ಛತ್ರಿ ಹಿಡ್ಕೊಂಡು ಬಂದು ಪಿಂಚಣಿ ಕೇಳ್ತಾಳೇನೋ?"

ಹಜಾರವೆಲ್ಲ ಗೊಳ್ಳೆಂದಿತು. ನಾಂಗೆ ನಗಲಿಲ್ಲ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಮಿಷನ್ ಗುಡ್ಡದ ಪಕ್ಕದಲ್ಲಿ ತಗಡಿನ ಮಾಡಿನ ಎರಡು ಕೋಣೆಯಿತ್ತು, ಹೆರಿಗೆ ದಾದಿಯ ಕೆಲಸದಿಂದ ಬಂದ ಪಿಂಚಣಿಯಿತ್ತು. ಪಿಂಚಣಿ ನಿಂತರೆ ಅಣ್ಣನ ಮನೆಯ ಒಲೆಯ ಮುಂದೆ ಹೋಗಿ ಕೂರಬೇಕು, ಅವನು ಹಾಕಿದ್ದನ್ನು ಉಣ್ಣಬೇಕು. ಅದಕ್ಕಿಂತ ನಿಜವಾಗಿ ಸಾಯುವುದೇ ವಾಸಿ ಎಂದು ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು.

"ಯಾರು ಹೇಳಿದ್ದು ನಿನಗೆ?"

"ಈ ಕೇರಿಯ ಹಿರಿಯರೇ ಹೇಳಿದಾರೆ. ಬೋಬೆ ಯೂ."

ಬೋಬೆ ಯೂ ಎಂದರೆ ಯೂ ಅಪ್ಪಾಜಿ, ಯೂ ಯಜಮಾನರು. ಮುಂದಿನ ಸಾಲಿನಲ್ಲಿ, ಕೆತ್ತನೆಯ ಪೀಠದ ಮೇಲೆ, ಗರಿಯ ಟೋಪಿ ಹಾಕಿಕೊಂಡು ಅವರು ಕೂತಿದ್ದರು. ಮಾಡಿನ ತೊಲೆಗಳನ್ನು ಆವತ್ತೇ ಮೊದಲು ಕಂಡವರಂತೆ ನೋಡುತ್ತಿದ್ದರು. ನಾಂಗೆಯ ಒಡಹುಟ್ಟಿದ ಅಣ್ಣ.

ಈ ಸಾವಿನ ಕಥೆ ಹಳೆಯದು. ನಾಂಗೆ ಹುಡುಗಿಯಾಗಿದ್ದಾಗ ಒಬ್ಬ ಮುದುಕನಿಗೆ ಅವಳನ್ನು ಕೊಡುವ ಮಾತಾಗಿತ್ತು. ಅವಳು ರಾತ್ರೋರಾತ್ರಿ ಮಿಷನ್ನಿನ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಓಡಿದಳು. ಅವರು ಹೆರಿಗೆ ಕೆಲಸ ಕಲಿಯಲು ದೂರದ ಕ್ಯಾಲಬಾರ್ ಪಟ್ಟಣಕ್ಕೆ ಕಳಿಸಿದರು. ಆಗ ನಮ್ಮ ಸೀಮೆಯೂ ನೈಜೀರಿಯಾದ ಜೊತೆಗೇ ಇತ್ತು, ಎಲ್ಲಕ್ಕೂ ಬ್ರಿಟಿಷರದೇ ದರ್ಬಾರು. ಕಲಿತವಳು ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೇ ಉಳಿದಳು. ಕಾಗದ ಬರೆದರೆ ಓದುವವರು ಮನೆಯಲ್ಲಿರಲಿಲ್ಲ, ಅವಳೂ ಬರೆಯಲಿಲ್ಲ. ಒಂದು ಮಳೆಗಾಲ ಅಲ್ಲಿಯ ಕ್ರಾಸ್ ನದಿಯಲ್ಲಿ ದೋಣಿ ಮಗುಚಿತು. ಕೋಲಾ ಬೀಜದ ವ್ಯಾಪಾರಿಗಳು ಬಂದು, ಮುಳುಗಿದವರಲ್ಲಿ ಒಬ್ಬಳು ಕೋಮ್ ಹೆಂಗಸು, ದಾದಿಯಂತೆ, ಎಂದುಬಿಟ್ಟರು.

ಯೂ ಎದೆ ಬಡಿದುಕೊಂಡು ಅತ್ತ. ಆ ಅಳು ಸುಳ್ಳಲ್ಲ. ಹೆಣ ಸಿಗದಿದ್ದರೆ ನಮ್ಮಲ್ಲಿ ಬಾಳೆದಿಂಡನ್ನು ಬಟ್ಟೆಯಲ್ಲಿ ಸುತ್ತಿ ಹೂಳುತ್ತಾರೆ. ಹಾಗೆಯೇ ಹೂತರು. ಕೋವಿ ಹಾರಿಸಿದರು, ಕುಣಿದರು. ಬಂದವರು ಮೇಕೆ ತಂದರು, ಕೋಳಿ ತಂದರು, ಹೆಂಡದ ಬುರುಡೆ ತಂದರು. ಅಂಥ ಸಾವಿನೂಟ ಕೇರಿಯಲ್ಲಿ ಆಗಿರಲಿಲ್ಲ ಎಂದು ಜನ ಈಗಲೂ ತುಟಿ ಚಪ್ಪರಿಸುತ್ತಾರೆ.

ವರ್ಷಗಳಾದ ಮೇಲೆ, ನಮ್ಮ ಸೀಮೆಯ ಬಮೆಂಡಾ ಆಸ್ಪತ್ರೆಗೆ ವರ್ಗವಾಗಿ, ನಾಂಗೆ ಕಾಲಿಗೆ ಬೂಟು, ಕೈಗೆ ಛತ್ರಿಯೊಂದಿಗೆ ಮನೆಯಂಗಳದಲ್ಲಿ ಬಂದು ನಿಂತಳು. ಯೂನ ಹೆಂಡತಿ, ಅತ್ತಿಗೆ ಕುವಿನ್, ಮುದ್ದೆಯ ಗಡಿಗೆಯನ್ನು ಕೈಬಿಟ್ಟು ಕಿಟ್ಟನೆ ಕಿರುಚಿದಳು. ಕೇರಿಗೆ ಕೇರಿಯೇ ಗುಡ್ಡ ಹತ್ತಿ ಓಡಿತು. "ಓಡೋರು ಓಡಿ, ಉಳಿದ ಮುದ್ದೆ ನನಗಿಡಿ," ಎಂದಳಂತೆ ನಾಂಗೆ.

ಹೀಗೆ ಬದುಕಿ ಬಂದವರ ಸಾವನ್ನು ರದ್ದು ಮಾಡಲೂ ಒಂದು ಶಾಸ್ತ್ರವಿದೆ. ಸಾವಿನೂಟ ಮಾಡಿಸಿದವನು ಉಡುಗೊರೆ ತಂದವರನ್ನೆಲ್ಲ ಕರೆಸಬೇಕು, ಮೇಕೆಗೆ ಮೇಕೆ, ಕೋಳಿಗೆ ಕೋಳಿ ವಾಪಸು ಕೊಡಬೇಕು. ಯೂ "ನಾಳೆ ಮಾಡೋಣ" ಎಂದ. ಆ ನಾಳೆ ಬರಲೇ ಇಲ್ಲ. ನಾಂಗೆಯೂ ತಲೆ ಕೆಡಿಸಿಕೊಳ್ಳಲಿಲ್ಲ. ಕೇರಿಯವರು ಸತ್ತವಳೆಂದರೂ ಸರ್ಕಾರ ತಿಂಗಳು ತಿಂಗಳು ಸಂಬಳ ಕೊಡುತ್ತಿತ್ತು, ಆಮೇಲೆ ಪಿಂಚಣಿ ಕೊಡುತ್ತಿತ್ತು.

ಈಗ ನೋಡಿದರೆ ಸರ್ಕಾರವೇ ಎರಡಾಗಿತ್ತು. ನಮ್ಮ ಸೀಮೆ ನೈಜೀರಿಯಾವನ್ನು ಬಿಟ್ಟು, ಫ್ರೆಂಚ್ ಮಾತಿನ ಕ್ಯಾಮರೂನಿನ ಜೊತೆ ಸೇರಿತು. ಪಾಲಾದ ಮನೆಯಲ್ಲಿ ಪಾತ್ರೆ ಹಂಚಿದ ಹಾಗೆ ರಸ್ತೆ, ಸಾಲ, ಖಜಾನೆ ಎಲ್ಲ ಹಂಚಿದರು. ಕೊನೆಗೆ ಉಳಿದವರು ಪಿಂಚಣಿಯ ಮುದುಕರು, ಮುದುಕಿಯರು. ಆಚೆ ದುಡಿದ ವರ್ಷಕ್ಕೆ ಆಚೆಯವರು, ಈಚೆ ದುಡಿದ ವರ್ಷಕ್ಕೆ ಈಚೆಯವರು ಕೊಡಬೇಕೆಂದಾಯಿತು. ಆದರೆ ಪಾಲಾದ ದಿನ ಯಾರು ಬದುಕಿದ್ದರೋ ಅವರಿಗಷ್ಟೇ. ಅದಕ್ಕೇ ಯಾರು ಬದುಕಿದ್ದಾರೆ, ಯಾರಿಲ್ಲ ಎಂದು ಲ್ಯೋಂಗಾ ಕೇರಿಯ ಹಿರಿಯರನ್ನು ಕೇಳಿದ್ದು.

"ಅಣ್ಣಾ," ಎಂದಳು ನಾಂಗೆ, "ತೊಲೆ ಆಮೇಲೆ ಎಣಿಸೋವಂತೆ. ನಾನು ಸತ್ತಿದೀನಿ ಅಂದ್ಯಾ?"

"ಕೇಳಿದ್ರು, ಹೇಳ್ದೆ," ಎಂದ ಯೂ. "ನಿನ್ನ ಸಾವು ಮಾಡಿಲ್ವಾ ನಾನು? ಹೆಂಡ ಚೆಲ್ಲಿ, 'ನಾಂಗೆ ಬರ್ತಿದಾಳೆ, ಜಾಗ ಮಾಡಿ' ಅಂತ ಸತ್ತ ಹಿರೀಕರಿಗೆ ಹೇಳಿಲ್ವಾ? ಅವರಿಗೊಂದು, ಸರ್ಕಾರಕ್ಕೊಂದು ಹೇಳಕ್ಕಾಗುತ್ತಾ?"

"ಹೋದ ವಾರ ನಮ್ಮನೆಗೆ ಬಂದು ಸೊಂಟಕ್ಕೆ ಎಣ್ಣೆ ತಿಕ್ಕಿಸ್ಕೊಂಡ್ಯಲ್ಲ. ಆಗ ದೆವ್ವ ತಿಕ್ತಾ?"

"ಅದು ಬೇರೆ ವಿಚಾರ ಕಣೆ."

"ಮೇಕೆ ವಾಪಸ್ ಕೊಡ್ಬೇಕಾಗುತ್ತೆ ಅಂತ ಹೊಟ್ಟೆ ಉರಿ ನಿನಗೆ. ನೆಟ್ಟಗೆ ಹೇಳು!"

ಲ್ಯೋಂಗಾ ಮೂಗೊರೆಸಿಕೊಂಡು ನಡುವೆ ಬಂದ. ಕೆಟ್ಟವನಲ್ಲ ಪಾಪ, ದಾರಿ ಹುಡುಕುತ್ತಿದ್ದ. "ಅಮ್ಮಾ, ಒಂದು ಉಪಾಯ ಇದೆ. ನಿಮ್ಮ ಅಣ್ಣ ಸಣ್ಣದಾಗಿ ಏನಾದರೂ ಶಾಸ್ತ್ರ ಮಾಡಲಿ. ಒಂದು ಕೋಳಿ ಕೊಯ್ದರಾಯ್ತು. ಇವತ್ತಿನಿಂದ ನೀವು ಬದುಕಿದೀರಿ ಅಂತ ಬರ್ಕೋತೀನಿ. ಈಚೆ ಸರ್ಕಾರ ಬಮೆಂಡಾದಲ್ಲಿ ದುಡಿದ ವರ್ಷಗಳಿಗೆ ಕೊಡುತ್ತೆ."

"ಕ್ಯಾಲಬಾರಿನ ವರ್ಷಗಳು?"

"ಅದು ಹೋಗುತ್ತೆ. ಪಾಲಾದ ದಿನ ನೀವು ಬದುಕಿರಲಿಲ್ಲ ಅಂತಾಯ್ತಲ್ಲ. ಇರೋದರಲ್ಲಿ ಇದೇ ಒಳ್ಳೇದು. ನಾಳೆ ಮಧ್ಯಾಹ್ನ ನಾನು ಹೊರಡ್ತೀನಿ, ಅಷ್ಟರೊಳಗೆ ಹೇಳಿ."

ಒಂದೇ ಕೋಳಿ ಎಂದದ್ದೇ ಯೂನ ಮುಖ ಅರಳಿತು. "ಕೋಳಿ ನಂದೇ ಹಾಕ್ತೀನಿ," ಎಂದ ದೊಡ್ಡ ಮನಸ್ಸು ಮಾಡಿ.

ನಾಂಗೆ ಛತ್ರಿಯನ್ನು ನೆಲಕ್ಕೆ ಕುಟ್ಟಿದಳು. "ನಿನ್ನ ಕೋಳಿ ನೀನೇ ತಿನ್ನು. ನಾನು ಬದುಕಿ ಬಂದೋಳಲ್ಲ. ಸತ್ತೇ ಇಲ್ಲ," ಎಂದು ಹೊರಟುಬಿಟ್ಟಳು.

ಮನೆಗೆ ಬಂದು ಛತ್ರಿಯನ್ನು ಮೂಲೆಗೆಸೆದಳು. ಕೋಪಕ್ಕೆ ಅಳು ಬಂತು, ಅತ್ತದ್ದಕ್ಕೆ ಇನ್ನಷ್ಟು ಕೋಪ ಬಂತು. ಬಮೆಂಡಾದ ಪಾಲು ಉಪ್ಪು, ಸೀಮೆಎಣ್ಣೆಗೂ ಸಾಲುತ್ತಿರಲಿಲ್ಲ. ಅವಳ ದುಡಿಮೆಯೆಲ್ಲ ಕ್ಯಾಲಬಾರಿನದು. ಮುದುಕನಿಗೆ ಮಾರಬೇಕೆಂದಿದ್ದ ಹುಡುಗಿಯನ್ನು ಅಲ್ಲಿ ಸಿಸ್ಟರ್ ಎಂದು ಕರೆದಿದ್ದರು. ಗಂಡಸು ಡಾಕ್ಟರು ಬಾಗಿಲಲ್ಲಿ ನಿಂತು, "ಒಳಗೆ ಬರಲಾ ಸಿಸ್ಟರ್?" ಎಂದು ಕೇಳಿದ್ದ. ಅಡ್ಡ ಬಿದ್ದ ಮಗುವನ್ನು ತಿರುಗಿಸಿ ಹೊರಗೆ ತಂದಾಗ ಆ ತಾಯಿ ಅವಳ ಮೊಣಕೈ ಹಿಡಿದು ಬಿಡಲೇ ಇಲ್ಲ. ಅಂಥ ಕಾಲವನ್ನೇ ಇವರು ಸಾವು ಎನ್ನುತ್ತಿದ್ದರು.

ಸಂಜೆ ಅತ್ತಿಗೆ ಕುವಿನ್ ಬುಟ್ಟಿ ಹೊತ್ತು ಬಂದಳು. ಜೋಳದ ಮುದ್ದೆ, ಸೊಪ್ಪಿನ ಪಲ್ಯ, ಸುಟ್ಟ ಬಾಳೆಕಾಯಿ. ಯೂ ಕಳಿಸಿದ್ದ ರಾಜಿಯೂಟ.

"ಒಪ್ಕೊಳ್ಳೇ ಮಾರಾಯ್ತಿ," ಎಂದಳು ಕುವಿನ್. "ಒಂದು ಕೋಳಿಯಲ್ಲಿ ಮುಗಿದುಹೋಗುತ್ತೆ. ಅವನಿಗೂ ಮಾನ ಉಳಿಯುತ್ತೆ, ನಿನಗೂ ಅಷ್ಟೋ ಇಷ್ಟೋ ಸಿಗುತ್ತೆ. ಸಾಲದಿದ್ರೆ ನಮ್ಮನೆ ಇಲ್ವಾ?"

"ನಿಮ್ಮನೆ ಇರೋದೇ ನನಗೆ ಭಯ ಕಣೆ ಅತ್ತಿಗೆ," ಎಂದು ನಾಂಗೆ ಬಾಳೆಕಾಯಿಯೊಂದನ್ನು ಮುರಿದಳು. ಒಳಗೆ ಹಳದಿ, ಹಬೆಯಾಡುತ್ತಿತ್ತು. "ಈ ಚಳಿಯಲ್ಲಿ ಇಷ್ಟು ದಪ್ಪ ಕಾಯಿ ಎಲ್ಲಿ ಬಿಡುತ್ತೆ? ಎಲ್ಲಿ ಕಡಿದದ್ದು?"

ಕುವಿನ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತಿತ್ತ ನೋಡಿದಳು. ಆಮೇಲೆ ತಡೆಯಲಾರದೆ ಕಿಸಕ್ಕೆಂದಳು.

"ಹಿತ್ತಲಲ್ಲಿ. ಬೈಬೇಡ. ನಿನ್ನ... ನಿನ್ನ ಮೇಲೆ."

"ನನ್ನ ಮೇಲೆ ಅಂದ್ರೆ?"

"ಆವತ್ತು ದಿಂಡನ್ನ ಚೆನ್ನಾಗಿ ಕಡಿಯೋಕೆ ಯಾರಿಗೆ ಪುರುಸೊತ್ತಿತ್ತು? ಎಲ್ಲ ಅಳ್ತಿದ್ವಿ. ಗಡ್ಡೆ ಸಮೇತ ಹೂತ್ಬಿಟ್ವಿ. ಮುಂದಿನ ಮಳೆಗೇ ಚಿಗುರ್ತು. ನೀನು ಬರೋವರೆಗೂ ಮಂಗಗಳು ತಿಂತಿದ್ವು, ನಾವು ಮುಟ್ಟಲಿಲ್ಲ, ದೇವರಾಣೆ. ಗೋರಿ ಮೇಲಿನದು ತಿನ್ನೋದುಂಟಾ? ನೀನು ಬಂದ ಮೇಲೆ ನಿಮ್ಮಣ್ಣನೇ, 'ಇನ್ನೇನು ಗೋರಿ ಅದು, ಕಡ್ಕೊಂಡ್ಬಾ' ಅಂದ."

ನಾಂಗೆ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅತ್ತಿಗೆ, ನಿನ್ನ ಹೊಟ್ಟೆ ತಣ್ಣಗಿರಲಿ. ಬೆಳಗ್ಗೆ ಕತ್ತಿ ಮಸೆದಿಡು."

ಮಾರನೆಯ ದಿನ ಯೂ ಹಜಾರಕ್ಕೆ ಹೊರಡುವವರೆಗೆ ಕಾದು ಅವಳು ಅಣ್ಣನ ಹಿತ್ತಿಲಿಗೆ ನಡೆದಳು. ತನ್ನ ಗೋರಿಯನ್ನು ಅವಳು ಯಾವತ್ತೂ ನೋಡಿರಲಿಲ್ಲ. ಯಾರು ತಾನೇ ಹೋಗಿ ನೋಡುತ್ತಾರೆ? ಅಲ್ಲಿ ಕಲ್ಲಿನ ಗುರುತೂ ಇರಲಿಲ್ಲ. ದಟ್ಟವಾದ ಬಾಳೆಮೆಳೆ, ನಡುವೆ ಒಂದು ತುಂಬಿದ ಗೊನೆ ಬಾಗಿ ನಿಂತಿತ್ತು. ಅದರ ಬುಡಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. "ಪರವಾಗಿಲ್ಲ ಕಣೆ, ಚೆನ್ನಾಗೇ ಬೆಳೆದಿದೀಯ," ಎಂದಳು. ಆಮೇಲೆ ಕತ್ತಿ ಬೀಸಿದಳು.

ಗೊನೆ ತಲೆಯ ಮೇಲೆ ಹೊತ್ತು ದಾರಿಗಿಳಿದಾಗ ಹೊಲದಿಂದ ಹೆಂಗಸರು, "ಏನೇ ನಾಂಗೆ, ಸಂತೆಗಾ?" ಎಂದು ಕೂಗಿದರು. "ಇಲ್ಲ, ನನ್ನ ಹೆಣ ಹೊತ್ಕೊಂಡು ಹೋಗ್ತಿದೀನಿ, ನಾಲ್ಕು ಜನ ಬನ್ರೇ!" ಎಂದಳು. ಗುದ್ದಲಿ ಎಸೆದು ಬಂದರು ನೋಡಿ. ಅವರಲ್ಲಿ ಅರ್ಧ ಜನರ ಮಕ್ಕಳು ನಾಂಗೆಯ ಕೈಯಲ್ಲೇ ಹುಟ್ಟಿದವರು. ಬಾಯಿಗೆ ಅಂಗೈ ಬಡಿದು ಉಲುಲು ಎಂದು ಕೂಗುತ್ತ ಗುಡ್ಡವಿಳಿದರು. ಹಿಂದೆ ಇದೇ ಕೂಗು ಹಾಕಿ ನಮ್ಮ ಹೆಂಗಸರು ಊರಾಳುವವರನ್ನೇ ಮನೆಯೊಳಗೆ ಕೂರಿಸಿದ್ದರು. ಅದು ಕಿವಿಗೆ ಬಿದ್ದರೆ ಗಂಡಸರ ಬಾಯಿ ಒಣಗುತ್ತದೆ.

ಹಜಾರದಲ್ಲಿ ಲ್ಯೋಂಗಾ ಪೆಟ್ಟಿಗೆ ಕಟ್ಟುತ್ತಿದ್ದ. ನಾಂಗೆ ಗೊನೆಯನ್ನು ಧೊಪ್ಪೆಂದು ಅವನ ಮೇಜಿನ ಮೇಲಿಳಿಸಿದಳು. ಮಸಿಕುಡಿಕೆ ಉರುಳಿ ಅವನು ಎದ್ದು ನಿಂತ.

"ಅಣ್ಣಾ, ಇದು ಗುರುತು ಸಿಕ್ತಾ?"

ಯೂ ಗೊನೆ ನೋಡಿದ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ.

"ನನ್ನ ಗೋರಿ ಮೇಲಿನದು," ಎಂದಳು ನಾಂಗೆ ಎಲ್ಲರಿಗೂ ಕೇಳುವಂತೆ. "ಇಷ್ಟು ವರ್ಷದಿಂದ ಇವನ ಮನೇಲಿ ಬೇಯ್ತಿದೆ. ಗೋರಿ ಮೇಲಿನದು ತಿಂದ ಹಿರಿಯನಿಗೆ ನಮ್ಮಲ್ಲಿ ಏನು ಮಾಡ್ತಾರೆ, ಈ ಸಾಹೇಬರಿಗೆ ಯಾರಾದ್ರೂ ಹೇಳ್ರಪ್ಪ."

"ಪೀಠದಿಂದ ಇಳಿಸ್ತಾರೆ," ಎಂದಿತು ಹಿಂದಿನಿಂದ ಒಂದು ಮುದಿ ದನಿ. "ಟೋಪಿ ಕಿತ್ಕೋತಾರೆ."

"ಕೇಳಿಸ್ತಾ ಅಣ್ಣಾ? ಅದು ಗೋರಿ ಆದ್ರೆ ನಾನು ಸತ್ತಿದೀನಿ, ನೀನು ಟೋಪಿ ಕೊಡು. ಅದು ತೋಟ ಆದ್ರೆ ನಾನು ಸತ್ತೇ ಇಲ್ಲ, ನೀನು ಮೇಕೆ ಕೊಡು. ಸರ್ಕಾರದ ಮುಂದೆ ಗೋರಿ, ಅಡುಗೆಮನೇಲಿ ತೋಟ, ಹೀಗೆ ಎರಡೂ ನಡೆಯಲ್ಲ. ಹೇಳು!"

"ತಂಗೀ, ಮನೇಗೆ ಹೋಗಿ ಮಾತಾಡೋಣ..."

"ನನಗೆ ಮನೆಯಿದೆ. ಇಲ್ಲೇ ಹೇಳು."

ಹೆಂಗಸರು ಅಂಗೈಯನ್ನು ಮತ್ತೆ ಬಾಯಿಗೆ ಒಯ್ದರು. ಯೂ ಟೋಪಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡ.

"ತೋಟ," ಎಂದ.

"ಹಿಂದಿನೋರಿಗೆ ಕೇಳಿಸ್ಲಿಲ್ಲ."

"ತೋಟ ಕಣೇ! ಬಾಳೆತೋಟ! ಅಲ್ಲಿ ಯಾರೂ ಇಲ್ಲ!"

"ಹಾಗಾದ್ರೆ ನಮ್ಮಪ್ಪ ತಂದ ಮೇಕೆ?" ಎಂದು ಒಬ್ಬ ಕೂಗಿದ. "ನಮ್ದು ಎರಡು ಕೋಳಿ!" ಎಂದ ಇನ್ನೊಬ್ಬ. ಹಜಾರ ಸಂತೆಯಾಯಿತು. ನಾಂಗೆ ಗೊನೆಯ ತುದಿಯಲ್ಲಿ ಹಣ್ಣಾಗಿದ್ದ ಒಂದನ್ನು ಕಿತ್ತು ಅಣ್ಣನ ತೊಡೆಯ ಮೇಲಿಟ್ಟಳು. "ತಿನ್ನು, ತೋಟದ್ದೇ," ಎಂದಳು.

ಲ್ಯೋಂಗಾ ಚೆಲ್ಲಿದ ಮಸಿಯಲ್ಲೇ ಲೇಖನಿ ಅದ್ದಿಕೊಂಡ. 'ಮೃತ' ಎಂಬುದನ್ನು ಗೀಚಿ ಹೊಡೆದ. ಆಮೇಲೆ ತಲೆಯೆತ್ತಿ ಮೆಲ್ಲಗೆ ಕೇಳಿದ:

"ಅಮ್ಮಾ, ಬದುಕಿದಾರೆ ಅಂತ ಬರ್ಕೋತೀನಿ. ಯಾವತ್ತಿನಿಂದ ಅಂತ ಹಾಕ್ಲಿ?"

"ಹುಟ್ಟಿದಾಗಿನಿಂದ ಹಾಕು," ಎಂದಳು ನಾಂಗೆ. "ನಡುವೆ ಒಂದು ದಿನಾನೂ ಬಿಟ್ಟಿಲ್ಲ. ಕ್ಯಾಲಬಾರಿನಲ್ಲಂತೂ ಬಿಟ್ಟೇ ಇಲ್ಲ."

ಅವನು ಹಾಗೆಯೇ ಬರೆದುಕೊಂಡ.