ಗಾಳಿ ಅನ್ನಬಾರದ ಕ್ಲಾಸು

ಇದನ್ನು ಓದಿ ಮುಗಿಸುವಷ್ಟರಲ್ಲಿ ನೀವು "ಈ ಹುಡುಗಿ ಬುರುಡೆ ಬಿಡ್ತಾಳೆ" ಅನ್ನದಿದ್ದರೆ ನನ್ನ ಜಡೆ ಕತ್ತರಿಸಿ ನಿಮ್ಮ ಕೈಗೆ ಕೊಡುತ್ತೇನೆ. ನಾನು ಇರುವೆಯನ್ನು ಎಮ್ಮೆ ಮಾಡಿ ಹೇಳುವವಳು ಎಂದು ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಗೆಳತಿಯರು ಒಬ್ಬರೂ ನಂಬಲಿಲ್ಲ. ಆದರೆ ಈ ಸಲ ಅದು ಹುಟ್ಟುವಾಗಲೇ ಎಮ್ಮೆಯಾಗಿತ್ತು.

ನಮ್ಮವ್ವ ಒಂದು ಆಸ್ಪತ್ರೆಯಲ್ಲಿ ಉಸಿರಾಟದ ವಿಭಾಗ ನೋಡಿಕೊಳ್ಳುತ್ತಾಳೆ. ಆಕ್ಸಿಜನ್ನು, ಮಾಸ್ಕು, ವೆಂಟಿಲೇಟರು ಎಲ್ಲ ಅವಳ ರಾಜ್ಯ. ಮನೆಯಲ್ಲಿ ನಾನು ಆಕಳಿಸಿದರೂ ಎದೆ ಎಷ್ಟು ಏರಿತು ಅಂತ ನೋಡುತ್ತಾಳೆ. ಈಚೆಗೆ ಅವಳಿಗೆ ಇನ್ನೊಂದು ಕೆಲಸ ಬಿದ್ದಿತ್ತು. ಸುತ್ತಲಿನ ಆಸ್ಪತ್ರೆಗಳಲ್ಲಿ ಇದೇ ವಿಭಾಗ ನಡೆಸುವ ಮ್ಯಾನೇಜರುಗಳಿಗೆ, ಅವರು ತಮ್ಮ ಕೈಕೆಳಗಿನವರಿಗೆ ಹೇಗೆ ಕಲಿಸಬೇಕು ಎಂದು ಕಲಿಸುವುದು. ಅಂದರೆ ಮೇಷ್ಟ್ರುಗಳಿಗೇ ಮೇಡಂ.

ಅವಳ ಪಾಠದಲ್ಲಿ ಮಿಷನ್ನಿನ ವಿಷಯ ಕಡಿಮೆ, ಮಾತಿನ ವಿಷಯ ಜಾಸ್ತಿ. ಮೊದಲನೆಯ ನಿಯಮ, ರೋಗಿಯ ಮಂಚದ ಹತ್ತಿರ 'ಗಾಳಿ' ಅನ್ನಬಾರದು. ನಮ್ಮ ಕಡೆ ಗಾಳಿ ಅಂದರೆ ಬೀಸುವುದಷ್ಟೇ ಅಲ್ಲ, ಹಿಡಿಯುವುದೂ ಹೌದು. ಹುಣಸೆಮರದ ಕೆಳಗೆ ಹೋದವರಿಗೆ ಗಾಳಿ ಸೋಕುತ್ತದೆ, ಆಮೇಲೆ ಬೇವಿನ ಸೊಪ್ಪು ಹಿಡಿದು ಗಾಳಿ ಬಿಡಿಸುತ್ತಾರೆ. ಮೊಳಕಾಲ್ಮೂರು ದಾಟಿ ಆಂಧ್ರದ ಕಡೆ ಹೋದರೆ ತೆಲುಗಿನಲ್ಲೂ ಅದೇ ಮಾತು, ಅದೇ ದೆವ್ವ. ಯಾವನೋ ಒಬ್ಬ ಕೆಲಸದವ "ನಿಮ್ಮಪ್ಪಂಗೆ ಗಾಳಿ ಕೊಡ್ತೀವಿ" ಅಂದದ್ದಕ್ಕೆ, ಮಗ ಅಪ್ಪನನ್ನು ಹೊತ್ತುಕೊಂಡು ಕಾಂಪೌಂಡ್ ಹಾರಿದ್ದನಂತೆ. ಕಾಂಪೌಂಡ್ ನನ್ನ ಸೇರ್ಪಡೆ. ಅಪ್ಪನನ್ನು ಹೊತ್ತದ್ದು ನಿಜ.

ಎರಡನೆಯ ನಿಯಮ, ರೋಗಿಯ ಕಡೆಯವರು ಎದ್ದು ಹೊರಟರೆ ಬಿಡಬಾರದು. ಕೈ ಹಿಡಿದು, ಕೂರಿಸಿ, ಸಮಾಧಾನವಾಗಿ ಮಾತಾಡಬೇಕು. ಈ ಎರಡನ್ನೂ ನೆನಪಿಟ್ಟುಕೊಳ್ಳಿ. ನಾನಂತೂ ಮರೆಯುವುದಿಲ್ಲ.

ಆಷಾಢದ ಒಂದು ಬೆಳಗ್ಗೆ ಅವ್ವನನ್ನೇ ಪರೀಕ್ಷೆ ಮಾಡಲು ಬೆಂಗಳೂರಿನಿಂದ ಒಬ್ಬರು ಮೊಳಕಾಲ್ಮೂರಿನ ಆಸ್ಪತ್ರೆಗೆ ಬರುವವರಿದ್ದರು. ಅವಳ ಶಿಷ್ಯರು ಅವಳಿಲ್ಲದೆ ಕ್ಲಾಸು ನಡೆಸಬೇಕು, ಬಂದ ಪರೀಕ್ಷಕರು ಕೂತು ನೋಡುತ್ತಾರೆ. ರೋಗಿಯಾಗಿ ಒಂದು ರಬ್ಬರ್ ಗೊಂಬೆ, ಸೊಂಟದವರೆಗೆ ಗಂಡಸು, ಅದರಾಚೆಗೆ ಏನೂ ಇಲ್ಲ. ಆ ಗೊಂಬೆಯ ಹಠಮಾರಿ ಸೊಸೆಯಾಗಿ ನಾನು. ಹಠಕ್ಕೆ ಊರಲ್ಲಿ ಬೇರೆ ಯಾರೂ ಸಿಗಲಿಲ್ಲವಂತೆ.

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಗೊಂಬೆಗೆ ಬಿಳಿ ಬೆಡ್‌ಶೀಟ್ ಸುತ್ತಿ ಕಿಟಕಿ ಸೀಟಿನಲ್ಲಿ ಕೂರಿಸಿದೆವು. ಕಂಡಕ್ಟರ್ ಬಂದು ನಮ್ಮಿಬ್ಬರ ಆಧಾರ್ ಕಾರ್ಡು ನೋಡಿದ. ಆಮೇಲೆ ಬೆಡ್‌ಶೀಟ್ ನೋಡಿದ.

"ನಿಮ್ಮಿಬ್ರುದು ಫ್ರೀ ಅಕ್ಕಾರೇ. ಇವ್ರು ಗಂಡಸೋ ಹೆಂಗಸೋ?"

"ಗಂಡಸು" ಅಂದೆ.

"ಹಂಗಾದ್ರೆ ಟಿಕೆಟ್ ಆಗ್ಬೇಕು."

"ಅರ್ಧ ಟಿಕೆಟ್ ಕೊಡ್ರಿ. ಅರ್ಧನೇ ಐತೆ" ಎಂದು ಶೀಟ್ ಎತ್ತಿದೆ.

ಕಂಡಕ್ಟರ್ ಹಿಂದಕ್ಕೆ ಜಿಗಿದು ಯಾರದೋ ಶೇಂಗಾ ಮೂಟೆಯ ಮೇಲೆ ಕೂತ. ಬಸ್ಸೆಲ್ಲ ನಕ್ಕಿತು. ಮುಂದಿನ ಸೀಟಿನ ಒಬ್ಬ ಯಜಮಾನರು ಮಾತ್ರ ನಗಲಿಲ್ಲ. "ಬಿಳಿ ಬಟ್ಟೆ ಸುತ್ಕೊಂಡು ಹೊರಟಿದೀರಾ. ಒಳ್ಳೇದಲ್ಲ" ಎಂದು ತಳಕಿನಲ್ಲಿ ಇಳಿಯುವವರೆಗೂ ತಿರುಗಿ ತಿರುಗಿ ನೋಡಿದರು. ಹೊರಗೆ ಗುಡ್ಡದ ಮೇಲಿನ ದೊಡ್ಡ ಫ್ಯಾನುಗಳು ಸುತ್ತುತ್ತಿದ್ದವು. ಬಸ್ಸು ವಾಲುವಷ್ಟು ಬಿರುಸಾಗಿ ಬೀಸುತ್ತಿತ್ತು. ಏನು ಬೀಸುತ್ತಿತ್ತು ಎಂದು ಅವ್ವನ ಎದುರು ಹೇಳುವ ಹಾಗಿರಲಿಲ್ಲ.

ಮೊಳಕಾಲ್ಮೂರಿನ ಆ ಆಸ್ಪತ್ರೆಯ ಹಾಲ್ ಪಕ್ಕದಲ್ಲೇ ವಾರ್ಡು. ವಾರ್ಡಿನಲ್ಲಿ ದೇವಸಮುದ್ರದ ಕಡೆಯ ಒಬ್ಬ ಕುರಿ ಕಾಯುವ ತಾತ ಮಲಗಿದ್ದ. ಜೀವನವೆಲ್ಲ ಬೀಡಿ ಸೇದಿ ಎದೆ ಕೆಟ್ಟಿತ್ತು. ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಮಿಷನ್ನಿನಿಂದ ಉಸಿರು ತಳ್ಳುತ್ತಿದ್ದರು. ಡಾಕ್ಟರು ಅವ್ವನ ಹತ್ತಿರ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು: "ಇವತ್ತೊಂದು ದಿನ ಮಾಸ್ಕ್ ಇದ್ರೆ ಉಳ್ಕೋತಾನೆ. ಬಿಚ್ಚಿದ್ರೆ ಹೊತ್ತು ಮುಳುಗೋದು ನೋಡಲ್ಲ."

ತಾತನ ಹೆಂಡತಿ ಮಂಚದ ಕಾಲು ಹಿಡಿದು ನೆಲದಲ್ಲಿ ಕೂತಿದ್ದಳು. ಮಗ ಬಾಗಿಲಲ್ಲಿ ಆಟೋ ಕೀ ತಿರುಗಿಸುತ್ತಾ ನಿಂತಿದ್ದ. ಅವ್ವ ಅಜ್ಜಿಯ ಪಕ್ಕ ನೆಲಕ್ಕೇ ಕೂತು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ತುಂಬ ಹೊತ್ತು ಮಾತಾಡಿದಳು.

"ಏನಮ್ಮಾ ಅದು, ಒಳಗೆ ಬುಸ್ ಅಂತೈತೆ?" ಅಜ್ಜಿ ಕೇಳಿದಳು.

"ಉಸಿರು ಅಜ್ಜಿ. ತಾತನ ಉಸಿರು ಸಾಲ್ತಿಲ್ಲ, ಅದಕ್ಕೆ ಸಾಲ ಕೊಡ್ತಾ ಐತೆ."

"ಉಸಿರಾದ್ರೆ ಇರ್ಲಿ. ನನ್ನ ದೊಡ್ಡ ಮಗನ್ನ ಕೆರೆ ಏರಿ ಮ್ಯಾಲೆ ಗಾಳಿ ಹಿಡೀತು, ಮೂರನೇ ದಿನಕ್ಕೆ ಹೋದ. ಇಲ್ಲಿ ಯಾರಾದ್ರೂ ಆ ಹೆಸ್ರು ಎತ್ತಿದ್ರೆ ಈ ಕ್ಷಣ ಎತ್ಕೊಂಡ್ ಹೋಗ್ತೀನಿ."

"ಯಾರೂ ಎತ್ತಲ್ಲ" ಎಂದಳು ಅವ್ವ.

ಪರೀಕ್ಷಕರು ಬಂದರು. ಅವ್ವ ಕಣ್ಣಲ್ಲಿ ಹೇಳಿಕೊಟ್ಟುಬಿಟ್ಟಾಳು ಎಂದು ಅವಳನ್ನು ಕಾಂಪೌಂಡಿನ ಆ ತುದಿಯ ಆಫೀಸಿಗೆ ಕಳಿಸಿದರು. ಹಾಲ್ ಖಾಲಿ ಕಾಣಬಾರದೆಂದು ವಾರ್ಡಿನ ನರ್ಸನ್ನೂ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದರು. ಅವ್ವ ಹೋಗುವಾಗ ನನ್ನ ಕಿವಿ ಹಿಂಡಿ, "ನಾನು ಬರೋತನಕ ಸೊಸೆ ಆಗೇ ಇರು. ಮಧ್ಯದಲ್ಲಿ ನಕ್ರೆ ಚರ್ಮ ಸುಲೀತೀನಿ" ಎಂದಳು.

ಶಿಷ್ಯರಲ್ಲಿ ಹಿರಿಯರು ಒಬ್ಬ ಮೀಸೆಯ ಮ್ಯಾನೇಜರು. ಆ ಮೀಸೆಯಲ್ಲಿ ಎರಡು ಗುಬ್ಬಿ ಗೂಡು ಕಟ್ಟಿ, ಒಂದನ್ನು ಬಾಡಿಗೆಗೆ ಕೊಡಬಹುದಿತ್ತು. ಅವರು ಮೈಕ್ ಹಿಡಿದರು. ಅಷ್ಟು ಸಣ್ಣ ಹಾಲಿಗೆ ಮೈಕ್ ಯಾಕೆ ಎಂದು ಯಾರೂ ಕೇಳಲಿಲ್ಲ. ಗೋಡೆಯ ಮೇಲ್ಭಾಗದಲ್ಲಿ, ಹಾಲಿಗೂ ವಾರ್ಡಿಗೂ ನಡುವೆ, ಜಾಲರಿಯ ತೂತುಗಳಿದ್ದವು. ಮೇಸ್ತ್ರಿಗಳು ಅದಕ್ಕೂ ವೆಂಟಿಲೇಟರ್ ಅನ್ನುತ್ತಾರೆ. ಆ ಆಸ್ಪತ್ರೆಯಲ್ಲಿ ಅದೊಂದು ಮಾತ್ರ ರಿಪೇರಿಯಿಲ್ಲದೆ ಕೆಲಸ ಮಾಡುತ್ತಿತ್ತು.

ನಾನು ಶುರು ಮಾಡಿದೆ. "ಅಯ್ಯೋ ಮಾವಾ! ನನ್ನ ಮಾವನಿಗೆ ಏನಾಯ್ತ್ರೀ?" ಎಂದು ರಬ್ಬರಿನ ಎದೆ ಬಡಿದೆ. ಒಂದು ಕಣ್ಣಲ್ಲಿ ನಿಜವಾದ ನೀರು ತಂದೆ, ಇನ್ನೊಂದನ್ನು ಕ್ಲೈಮ್ಯಾಕ್ಸಿಗೆ ಇಟ್ಟುಕೊಂಡೆ. ಪರೀಕ್ಷಕರು ಕುರ್ಚಿಯ ತುದಿಗೆ ಬಂದರು. ಮೀಸೆಯವರು ನನ್ನ ಅಳು ನೋಡಿ ಗಾಬರಿಯಾದರು. ಗಾಬರಿಯಲ್ಲಿ ಮನುಷ್ಯನಿಗೆ ಕಲಿತ ಮಾತು ಹೋಗಿ, ಹುಟ್ಟಿದ ಮಾತು ಬರುತ್ತದೆ.

"ಅಳ್ಬೇಡಮ್ಮಾ" ಅಂದರು ಮೈಕಿನಲ್ಲಿ. "ನಿಮ್ಮಾವಂಗೆ ಏನೂ ಆಗಿಲ್ಲ. ಒಳಗೆ ಗಾಳಿ ಸಿಕ್ಕಾಕ್ಕೊಂಡೈತೆ. ಮಾಸ್ಕ್ ಹಾಕಿ ಗಾಳಿ ಬಿಡ್ತೀವಿ."

ಹಾಲ್‌ನಲ್ಲಿ ಯಾರೋ ನಾಲಿಗೆ ಕಚ್ಚಿಕೊಂಡರು. ಅಷ್ಟರಲ್ಲಿ ಹೊರಗಿನ ಬಿರುಸಿಗೆ ಬಾಗಿಲು ತಾನಾಗಿಯೇ ತೆರೆದು ಗೋಡೆಗೆ ಬಡಿಯಿತು. ನಾನು ನಿಂತ ಜಾಗದಿಂದ ವಾರ್ಡಿನ ಬಾಗಿಲು ನೇರ ಕಾಣುತ್ತಿತ್ತು. ಅಜ್ಜಿ ಎದ್ದು ಹೊಸಿಲಿಗೆ ಬಂದಿದ್ದಳು. ನಮ್ಮ ಹಾಲಿನ ಕಡೆ ಕಿವಿ ಕೊಟ್ಟು ನಿಂತಿದ್ದಳು. ಆಮೇಲೆ ತಿರುಗಿ ಮಗನಿಗೆ, "ಪದ ರಾ. ಇಂಟಿಕಿ ಪೋದಾಂ" ಅಂದಳು. ನಡಿಯೋ, ಮನೆಗೆ ಹೋಗೋಣ.

"ಉಸಿರು!" ಎಂದು ನಾನು ಕಿರುಚಿದೆ. "ಉಸಿರು ಅನ್ರೀ! ಜೋರಾಗಿ ಅನ್ರೀ!"

"ಭಲೇ" ಎಂದರು ಪರೀಕ್ಷಕರು ಪಕ್ಕದವರಿಗೆ.

"ಸರ್, ನಾಟಕ ಅಲ್ಲ ಸರ್. ಅಲ್ಲಿ ಅಜ್ಜಿ ತಾತನ್ನ ಕರ್ಕೊಂಡ್ ಹೋಗ್ತೈತೆ."

"ಬಹಳ ಚೆನ್ನಾಗಿದೆ. ನಿಲ್ಲಿಸಬೇಡಮ್ಮ, ಮುಂದುವರಿಸು."

ನಾನು ಬಾಗಿಲ ಕಡೆ ಓಡಿದೆ. ಮೀಸೆಯವರಿಗೆ ಎರಡನೆಯ ನಿಯಮ ಅದೇ ಗಳಿಗೆಯಲ್ಲಿ ನೆನಪಾಯಿತು. ಗಬಕ್ಕನೆ ನನ್ನ ಕೈ ಹಿಡಿದರು, ಗೊಂಬೆಯ ಪಕ್ಕ ಕೂರಿಸಿದರು, ತಾವೂ ಮಂಡಿಯೂರಿ ಕೂತರು. ನಮ್ಮವ್ವ ಹೇಗೆ ಕಲಿಸಿದ್ದಳೋ ಹಾಗೇ, ಕೂದಲೆಳೆಯಷ್ಟೂ ತಪ್ಪಿಲ್ಲದೆ. "ನೀನು ಎಲ್ಲೂ ಹೋಗ್ಬಾರ್ದು ತಾಯಿ. ನಿನ್ನ ಭಯ ನಂಗೆ ಅರ್ಥ ಆಗ್ತೈತೆ. ಮಾತಾಡೋಣ."

"ಬಿಡ್ರೀ ಸಾರ್, ಕೈ ಬಿಡ್ರೀ!"

"ಬಿಡಲ್ಲ. ಮೊದ್ಲು ನೀರು ಕುಡಿ."

ತೆರೆದ ಬಾಗಿಲಿನಲ್ಲಿ ಮಗ ತಾತನನ್ನು ಹೆಗಲಿಗೆ ಹಾಕಿಕೊಂಡು ದಾಟಿದ. ತಾತನ ಮುಖದಲ್ಲಿ ಮಾಸ್ಕ್ ಇರಲಿಲ್ಲ, ಪಟ್ಟಿಯ ಕೆಂಪು ಗುರುತಿತ್ತು. ಬಾಯಿ ಮೀನಿನ ಹಾಗೆ ತೆರೆದು ಮುಚ್ಚುತ್ತಿತ್ತು. ಅಜ್ಜಿ ಹಿಂದೆ ಚಪ್ಪಲಿ ಹಿಡಿದುಕೊಂಡು ಹೋದಳು. ಎಲ್ಲರೂ ಬಾಗಿಲಿಗೆ ಬೆನ್ನು ಹಾಕಿ ನನ್ನನ್ನೇ ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ, ನನ್ನನ್ನು ಯಾರಾದರೂ ನೋಡುವುದು ನನಗೆ ಬೇಡವಾಗಿತ್ತು. ಇಟ್ಟುಕೊಂಡಿದ್ದ ಇನ್ನೊಂದು ಕಣ್ಣಿನ ನೀರು ಕರೆಯದೆಯೇ ಬಂತು. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಎಲ್ಲೋ ಒಂದು ಆಟೋ ಸ್ಟಾರ್ಟ್ ಆಯಿತು.

ಆಗ, ಆಟೋದಲ್ಲಿ ತಾತನನ್ನು ಕಂಡು ಆಫೀಸಿನಿಂದ ಓಡಿದ ಅವ್ವ ಒಳಗೆ ಬಂದಳು.

"ಮೇಡಂ, ನೀವು ಈಗ ಬರೋ ಹಾಗಿಲ್ಲ. ಬಂದ್ರೆ ಪರೀಕ್ಷೆ ರದ್ದಾಗುತ್ತೆ" ಎಂದರು ಪರೀಕ್ಷಕರು, ಚಪ್ಪಾಳೆ ನಿಲ್ಲಿಸದೆ.

ಅವ್ವ ಸೀದಾ ಗೋಡೆಯ ಹತ್ತಿರ ಹೋಗಿ ಮೈಕಿನ ವೈರ್ ಕಿತ್ತಳು. ಹಾಲ್ ಸುಮ್ಮನಾಯಿತು. ಆಗ ಮೇಲಿನ ಜಾಲರಿಯಿಂದ ಎಲ್ಲರಿಗೂ ಕೇಳಿಸಿತು: ಮುಖವಿಲ್ಲದ ಮಾಸ್ಕಿನಿಂದ ಬುಸ್ಸೆಂದು ಸುರಿಯುವ ಸದ್ದು, ಅದರ ಮೇಲೆ ಮಿಷನ್ನಿನ ಕೂಗು, ಬಿಟ್ಟು ಬಿಟ್ಟು, ಒಂದೇ ರಾಗದಲ್ಲಿ. ಹಿಂದಿನ ಸಾಲಿನ ನರ್ಸು ಎದ್ದು ನಿಂತಳು. ಮೀಸೆಯವರ ಕೈ ಇನ್ನೂ ನನ್ನ ಕೈ ಮೇಲಿತ್ತು.

"ನನ್ನ ಮಗಳನ್ನ ಬಿಡ್ರಿ" ಎಂದಳು ಅವ್ವ. "ಕ್ಲಾಸು ಮುಗೀತು. ಬೈಕ್ ಯಾರ ಹತ್ರ ಐತೆ?"